20,000 ಲುಮೆನ್ ಲೈಟು ಮೂರನೆಯ ದಿನಕ್ಕೆ ಸುಟ್ಟದ್ದೇಕೆ?

ಪ್ರಶ್ನೆ

"ನನಗೆ 54 ವರ್ಷ. ಮಂಡ್ಯ ಪೇಟೆಯ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಊರು 11 ಕಿಲೋಮೀಟರ್ ದೂರ. ಹಳೆಯ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಮೋಟಾರ್ ಕಿಟ್ ಹಾಕಿಸಿ ಒಂದು ವರ್ಷವಾಯಿತು. ಬ್ಯಾಟರಿ 36 ವೋಲ್ಟ್, 10 ಎಎಚ್ (ಆಂಪಿಯರ್-ಅವರ್). ರಾತ್ರಿ ಎಂಟೂವರೆಗೆ ಹೊರಟರೆ ಕೊನೆಯ ಮೂರು ಕಿಲೋಮೀಟರ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆ ಹೋಗಬೇಕು. ಬೀದಿದೀಪವಿಲ್ಲ, ತಡೆಗೋಡೆಯಿಲ್ಲ. ಕಿಟ್ ಜೊತೆ ಬಂದ ದೀಪದಲ್ಲಿ ಮುಂದಿನ ಚಕ್ರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಾಗಿ '20,000 ಲುಮೆನ್, 60 ವ್ಯಾಟ್' ಎಂದು ಬರೆದಿದ್ದ ಬೈಕಿನ ಎಲ್‌ಇಡಿ ಲೈಟ್ ತಂದೆ. ಅದು 12 ವೋಲ್ಟಿನದು. ಪರಿಚಯದ ಹುಡುಗನೊಬ್ಬ ವೋಲ್ಟೇಜ್ ಇಳಿಸುವ, ಬೆಂಕಿಪೊಟ್ಟಣದಷ್ಟಿರುವ ನೀಲಿ ಕನ್ವರ್ಟರ್ ಬೋರ್ಡ್ ಹಾಕಿ ಜೋಡಿಸಿಕೊಟ್ಟ. ಎರಡು ರಾತ್ರಿ ಹಗಲಿನಂತೆ ಬೆಳಗಿತು. ಎದುರಿಗೆ ಬಂದವರು ಬೈದದ್ದೂ ಉಂಟು. ಮೂರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲೇ ಚಾರ್ಜ್ ಹಾಕಿದ್ದೆ. ರಾತ್ರಿ ಹೊರಡುವಾಗ ಸ್ವಿಚ್ ಒತ್ತಿದರೆ ಟಪ್ ಎಂಬ ಸದ್ದು, ಹಿಂದೆಯೇ ಹೊಗೆ. ಕನ್ವರ್ಟರ್ ಸಹವಾಸವೇ ಬೇಡ, ಬ್ಯಾಟರಿ ಬಿಚ್ಚಿಸಿ ಒಳಗಿನಿಂದಲೇ 12 ವೋಲ್ಟ್ ತೆಗೆಯೋಣ ಎನ್ನುತ್ತಾನೆ ಮಗ. ಮಾಡಬಹುದೇ? ನನಗೆ ನಿಜವಾಗಿ ಎಷ್ಟು ಲುಮೆನ್ ಬೇಕು? ಮಂಜಿಗೆ ಹಳದಿ ಬೆಳಕು ಒಳ್ಳೆಯದಂತೆ, ಹೌದೇ? ದೊಡ್ಡ ದೀಪ ಹಾಕಿದರೆ ಮೈಲೇಜ್ ಎಷ್ಟು ಇಳಿಯುತ್ತದೆ? ಸುಟ್ಟ ಲೈಟ್ ಮತ್ತೆ ಉಪಯೋಗಕ್ಕೆ ಬಂದೀತೇ?"

ಉತ್ತರ

ಮೊದಲು ಮಗನಿಗೆ ಹೇಳಿಬಿಡಿ, ಬ್ಯಾಟರಿ ಬಿಚ್ಚುವ ಮಾತು ಬೇಡ. ಕಾರಣವನ್ನು ಆಮೇಲೆ ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಹೊಗೆಯ ವಿಚಾರ. ಮೂರನೆಯ ದಿನ ಅಂಗಡಿಯಲ್ಲೇ ಚಾರ್ಜ್ ಹಾಕಿದ್ದೆ ಎಂದು ನೀವು ಬರೆದಿರುವ ಒಂದು ವಾಕ್ಯದಲ್ಲೇ ಅದರ ಗುಟ್ಟು ಇದೆ.

36 ವೋಲ್ಟ್ ಎಂಬುದು ನಿಮ್ಮ ಬ್ಯಾಟರಿಗೆ ಇಟ್ಟ ಹೆಸರು. ಮೀಟರ್ ಹಿಡಿದರೆ ಆ ಅಂಕಿ ಕಾಣುವುದು ದಾರಿಯ ನಡುವೆ ಎಲ್ಲೋ ಒಮ್ಮೆ. ಒಳಗೆ ಹತ್ತು ಲಿಥಿಯಂ ಸೆಲ್‌ಗಳ ಸಾಲಿದೆ. ತುಂಬಿದಾಗ ಒಂದೊಂದು ಸೆಲ್ 4.2 ವೋಲ್ಟ್, ಒಟ್ಟು 42. ಖಾಲಿಯಾಗುತ್ತಾ 30ರ ಆಸುಪಾಸಿಗೆ ಇಳಿದಾಗ ಸೆಲ್‌ಗಳನ್ನು ಕಾಯುವ, ಬಿಎಂಎಸ್ ಎಂಬ ಒಳಗಿನ ಬೋರ್ಡ್ ಹರಿವನ್ನು ಕಡಿದುಹಾಕುತ್ತದೆ. 48 ವೋಲ್ಟಿನ ಬ್ಯಾಟರಿಯಾದರೆ ಹದಿಮೂರು ಸೆಲ್, ತುಂಬಿದಾಗ 54.6 ವೋಲ್ಟ್. ಇನ್ನು ನೀವು ಹೇಳಿದ ನೀಲಿ ಬೋರ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಎಲ್‌ಎಂ2596 ಎಂಬ ಚಿಪ್. ಅದು ಕೆಲಸ ಮಾಡಬಹುದಾದ ಗರಿಷ್ಠ ಒತ್ತಡ 40 ವೋಲ್ಟ್. ಅದರ ಪಕ್ಕದಲ್ಲಿ ನಿಂತಿರುವ ಡಬ್ಬಿಯಂಥ ಕೆಪಾಸಿಟರಿನ ಮೇಲೆ ಕೆಲವು ಬೋರ್ಡುಗಳಲ್ಲಿ 35 ಎಂದೇ ಬರೆದಿರುತ್ತದೆ.

ಮೊದಲ ಎರಡು ದಿನ ನೀವು ಮನೆಯಲ್ಲಿ ಚಾರ್ಜ್ ಮಾಡಿ, ಬೆಳಿಗ್ಗೆ 11 ಕಿಲೋಮೀಟರ್ ಓಡಿಸಿ ಬಂದಿದ್ದಿರಿ. ರಾತ್ರಿ ದೀಪ ಹಚ್ಚುವ ಹೊತ್ತಿಗೆ ಬ್ಯಾಟರಿ 38ರ ಸುತ್ತಮುತ್ತ ಇಳಿದಿತ್ತು. ಬೋರ್ಡ್ ಹೇಗೋ ತಡೆದುಕೊಂಡಿತು. ಮೂರನೆಯ ರಾತ್ರಿ ಮಾತ್ರ ತುಂಬಿದ 42 ವೋಲ್ಟ್ ನೇರವಾಗಿ ಅದರ ಮೇಲೆ ಬಿತ್ತು. ಸ್ವಿಚ್ ಒತ್ತಿದ ಕ್ಷಣ ಉದ್ದ ತಂತಿಯಲ್ಲಿ ಏಳುವ ವೋಲ್ಟೇಜಿನ ನೆಗೆತವೂ ಅದಕ್ಕೆ ಸೇರಿತು. ಈ ಜಾತಿಯ ಕನ್ವರ್ಟರಿನ ಚಿಪ್ ಸತ್ತರೆ ಬಹುಮಟ್ಟಿಗೆ ಬಾಗಿಲು ತೆರೆದಿಟ್ಟೇ ಸಾಯುತ್ತದೆ. ಅಂದರೆ 12 ವೋಲ್ಟ್ ಕುಡಿಯುತ್ತಿದ್ದ ದೀಪಕ್ಕೆ ಇದ್ದಕ್ಕಿದ್ದಂತೆ ಪೂರ್ತಿ 42 ವೋಲ್ಟ್. ಫ್ಯೂಸ್ ಇತ್ತೋ ಇಲ್ಲವೋ ನೀವು ಬರೆದಿಲ್ಲ. ಹೊಗೆ ಬಂತು ಎಂದ ಮೇಲೆ ಇರಲಿಲ್ಲ ಎಂದೇ ಇಟ್ಟುಕೊಳ್ಳುತ್ತೇನೆ. ಆ ಹುಡುಗನನ್ನು ಬೈಯಬೇಡಿ. 36 ಎಂದು ಬರೆದ ಬ್ಯಾಟರಿ, 40ರವರೆಗೆ ಎಂದು ಬರೆದ ಬೋರ್ಡ್. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ನನ್ನ ವರ್ಕ್‌ಶಾಪಿಗೆ ಬರುವ ಸುಟ್ಟ ಕನ್ವರ್ಟರುಗಳಲ್ಲಿ ಹೆಚ್ಚಿನವು ಇದೇ ತಪ್ಪು ಲೆಕ್ಕದವು.

ಇನ್ನು 20,000 ಲುಮೆನ್, ಅಂದರೆ ದೀಪ ಕೊಡುವ ಒಟ್ಟು ಬೆಳಕಿನ ಅಳತೆ. ಅಂಥದೇ ಒಂದು ಲೈಟನ್ನು ನಾನೊಮ್ಮೆ ಮೇಜಿನ ಮೇಲಿಟ್ಟು 12 ವೋಲ್ಟ್ ಕೊಟ್ಟು ನೋಡಿದೆ. ಡಬ್ಬಿಯ ಮೇಲೆ 60 ವ್ಯಾಟ್ ಎಂದಿತ್ತು. ಮೀಟರ್ ತೋರಿಸಿದ್ದು 1.1 ಆಂಪಿಯರ್, ಎಂದರೆ 13 ವ್ಯಾಟ್. ಈ ದರ್ಜೆಯ ಎಲ್‌ಇಡಿಗಳು ಒಂದು ವ್ಯಾಟಿಗೆ ಸುಮಾರು 100 ಲುಮೆನ್ ಕೊಟ್ಟರೆ ಹೆಚ್ಚು. ಲೆನ್ಸಿನಲ್ಲಿ ಕಳೆಯುವುದನ್ನು ಬಿಟ್ಟು ಹೇಳುವುದಾದರೂ ಸಾವಿರದ ಮುನ್ನೂರಕ್ಕೆ ನಿಲ್ಲುತ್ತದೆ. ಇಪ್ಪತ್ತು ಸಾವಿರ ಎಂಬ ಅಂಕಿ ಎಷ್ಟು ಅಸಂಬದ್ಧ ಎಂಬುದಕ್ಕೆ ಇನ್ನೊಂದು ಹೋಲಿಕೆ ಹೇಳುತ್ತೇನೆ. ಕಾರುಗಳಲ್ಲಿ ದಶಕಗಳ ಕಾಲ ಉರಿದ ಎಚ್4 ಹ್ಯಾಲೊಜೆನ್ ಬಲ್ಬ್ ಡಿಮ್‌ನಲ್ಲಿ ಕೊಡುವುದು 1,000 ಲುಮೆನ್. 100 ಸಿಸಿ ಬೈಕಿನ 35 ವ್ಯಾಟ್ ಹ್ಯಾಲೊಜೆನ್ ಡಿಮ್‌ನಲ್ಲಿ 500ಕ್ಕೆ ಸ್ವಲ್ಪ ಮೇಲೆ. ಆ ಬೆಳಕಿನಲ್ಲೇ ಜನ ಮಂಡ್ಯದಿಂದ ಮೇಲುಕೋಟೆಗೆ ರಾತ್ರಿ ಹೋಗಿ ಬಂದಿದ್ದಾರೆ.

ಹಾಗಾದರೆ ನಿಮಗೆ ಹಗಲಿನಂತೆ ಕಂಡದ್ದು ಸುಳ್ಳೇ? ಸುಳ್ಳಲ್ಲ, ಆದರೆ ಮೋಸ. ಆ ಲೈಟು ಬೆಳಕನ್ನು ಟಾರ್ಚಿನಂತೆ ದುಂಡಗೆ ಎಲ್ಲ ಕಡೆಗೂ ಎರಚುತ್ತದೆ. ಅರ್ಧ ಆಕಾಶಕ್ಕೆ, ತೆಂಗಿನ ಗರಿಗಳಿಗೆ, ಎದುರಿನವರ ಕಣ್ಣಿಗೆ. ಉಳಿದರ್ಧದಲ್ಲಿ ಹೆಚ್ಚಿನ ಪಾಲು ನಿಮ್ಮ ಚಕ್ರದ ಮುಂದಿನ ನಾಲ್ಕೈದು ಮೀಟರಿಗೆ. ಹತ್ತಿರದ ನೆಲ ಥಳಥಳ ಹೊಳೆದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕಣ್ಣು ಆ ಹೊಳಪಿಗೇ ಒಗ್ಗಿಕೊಳ್ಳುತ್ತದೆ. ಆಗ ಇಪ್ಪತ್ತು ಮೀಟರ್ ಆಚೆಯ ಕತ್ತಲು ಇನ್ನಷ್ಟು ದಟ್ಟವಾಗುತ್ತದೆ. ಬೆಳಕು ಬಹಳವಿದೆ ಎಂಬ ನೆಮ್ಮದಿಯಲ್ಲಿ ನೀವು ವೇಗ ಹೆಚ್ಚಿಸಿರುತ್ತೀರಿ, ಕಾಣುವ ದೂರ ಮಾತ್ರ ಹೆಚ್ಚಿರುವುದಿಲ್ಲ. ಮೈಸೂರು ಅರಮನೆಗೆ ಹಾಕಿರುವ ಸುಮಾರು ಒಂದು ಲಕ್ಷ ಬಲ್ಬುಗಳನ್ನು ನೆನಪಿಸಿಕೊಳ್ಳಿ. ಅಷ್ಟು ಬಲ್ಬು ಉರಿಯುವುದು ಅರಮನೆಯನ್ನು ಜನ ನೋಡಲಿ ಎಂದು. ನಿಮ್ಮ ದೀಪ ಉರಿಯಬೇಕಾದದ್ದು ನಿಮಗೆ ದಾರಿ ಕಾಣಲಿ ಎಂದು. ಎರಡೂ ಬೇರೆ ಬೇರೆ ಕಸುಬು.

ಎಷ್ಟು ದೂರ ಕಾಣಬೇಕು ಎಂಬುದನ್ನು ಲೆಕ್ಕ ಬರೆಯುವ ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ. ನೋಂದಣಿ ಬೇಡದ 250 ವ್ಯಾಟಿನ ಇ-ಸೈಕಲ್ಲಿಗೆ ವೇಗದ ಮಿತಿ ಗಂಟೆಗೆ 25 ಕಿಲೋಮೀಟರ್. ಅಂದರೆ ಸೆಕೆಂಡಿಗೆ 7 ಮೀಟರ್. ಗುಂಡಿಯನ್ನು ಕಣ್ಣು ಕಂಡು, ಮನಸ್ಸಿಗೆ ಹೊಳೆದು, ಕೈ ಬ್ರೇಕ್ ಹಿಡಿಯುವುದಕ್ಕೆ ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಹತ್ತು ಮೀಟರ್ ಸರಿದುಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಒಣ ಡಾಂಬರಿನಲ್ಲಿ ಇನ್ನೊಂದು ಏಳು ಮೀಟರ್, ಒದ್ದೆ ಮಣ್ಣಿನ ಏರಿಯ ಮೇಲೆ ಹನ್ನೆರಡು. ಎಲ್ಲ ಕೂಡಿದರೆ ಹದಿನೇಳರಿಂದ ಇಪ್ಪತ್ತೆರಡು. ಹಾಗಾಗಿ 25ರಿಂದ 30 ಮೀಟರ್ ದೂರದ ರಸ್ತೆ ನಿಚ್ಚಳವಾಗಿ ಕಂಡರೆ ನಿಮಗೆ ಸಾಕು. ಮೋಟಾರನ್ನು ನಡೆಸುವ ಕಂಟ್ರೋಲರಿನ ವೇಗಮಿತಿ ತೆಗೆಸಿ 40ಕ್ಕೆ ಓಡಿಸುವವರಿಗೆ ಈ ಲೆಕ್ಕ ನಡೆಯದು. ಅವರಿಗೆ ಒಣ ರಸ್ತೆಯಲ್ಲೇ 34 ಮೀಟರ್ ಬೇಕಾಗುತ್ತದೆ.

ಆ 30 ಮೀಟರಿಗೆ ಬೆಳಕು ಮುಟ್ಟಿಸಲು, ನೆಲದ ಕಡೆಗೇ ಬೆಳಕು ಬಗ್ಗಿಸುವ ಒಳ್ಳೆಯ ಪ್ರತಿಫಲಕವಿರುವ ದೀಪದಲ್ಲಿ 300ರಿಂದ 500 ಲುಮೆನ್ ಧಾರಾಳ. ಜರ್ಮನಿಯಲ್ಲಿ ಸೈಕಲ್ ದೀಪದ ಬೆಳಕಿಗೂ ಕಾರಿನ ಡಿಮ್‌ನಂತೆ, ಮೇಲಕ್ಕೆ ಚೆಲ್ಲದಂತೆ ಕಡಿದ ಮೇಲಂಚು ಇರಬೇಕು ಎಂಬ ಕಾನೂನಿದೆ. ಆ ನಿಯಮದ ಹೆಸರು ಎಸ್‌ಟಿವಿಝಡ್‌ಒ. ಆ ಅಕ್ಷರಗಳು ಡಬ್ಬಿಯ ಮೇಲಿದ್ದರೆ ಲುಮೆನ್ ಜಾಗದಲ್ಲಿ ಸಾಮಾನ್ಯವಾಗಿ ಲಕ್ಸ್ ಬರೆದಿರುತ್ತಾರೆ. ಲುಮೆನ್ ಎಂದರೆ ದೀಪದಿಂದ ಹೊರಬಿದ್ದ ಒಟ್ಟು ಬೆಳಕು, ಲಕ್ಸ್ ಎಂದರೆ ಹತ್ತು ಮೀಟರ್ ದೂರದ ಒಂದು ಜಾಗಕ್ಕೆ ಬಿದ್ದ ಬೆಳಕು. ಕೊಳವೆಬಾವಿಯಲ್ಲಿ ಎಷ್ಟು ಇಂಚು ನೀರು ಬಂತು ಎನ್ನುವುದಕ್ಕೂ ಗದ್ದೆಯ ಕೊನೆಯ ಮಡಿಗೆ ಎಷ್ಟು ತಲುಪಿತು ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇದು. 50ರಿಂದ 80 ಲಕ್ಸಿನ ದೀಪ ನಾಲೆ ಏರಿಗೆ ಒಪ್ಪುತ್ತದೆ. ಅಂಥದು ಸಿಗದಿದ್ದರೆ ಬೈಕಿನ ಪ್ರೊಜೆಕ್ಟರ್ ಲೈಟುಗಳಲ್ಲಿ ಡಿಮ್ ಇರುವಂಥದನ್ನು ಕೇಳಿ. ಅಂಗಡಿಯಲ್ಲೇ ಗೋಡೆಗೆ ಹಿಡಿದು ಉರಿಸಿ ತೋರಿಸಲು ಹೇಳಿ. ಬೆಳಕಿನ ಮೇಲಂಚು ಚಾಕುವಿನಿಂದ ಕೊಯ್ದಂತೆ ನೇರವಾಗಿದ್ದರೆ ತೆಗೆದುಕೊಳ್ಳಿ, ರೊಟ್ಟಿಯಂತೆ ದುಂಡಗಿದ್ದರೆ ಬಿಟ್ಟುಬಿಡಿ.

ಎದುರಿಗೆ ಬಂದವರು ಬೈದರು ಎಂದು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಹೊಗೆಗಿಂತ ಅದೇ ಹೆಚ್ಚು ಚಿಂತೆಯ ವಿಷಯ. ರಾತ್ರಿ ಆ ಹೊತ್ತಿನಲ್ಲಿ ಏರಿ ಮೇಲೆ ಯಾರಿರುತ್ತಾರೆ? ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನ್ ಹಿಡಿದು ಬರುವವರು, ಗದ್ದೆಗೆ ನೀರು ಕಟ್ಟಲು ಹೊರಟವರು, ಬೈಕಿನಲ್ಲಿ ಪೇಟೆಗೆ ಹೋಗುವ ಹುಡುಗರು. ಕತ್ತಲಿಗೆ ಒಗ್ಗಿದ ಕಣ್ಣಿಗೆ ಅಂಥ ಬೆಳಕು ಬಡಿದರೆ ಮೂರ್ನಾಲ್ಕು ಸೆಕೆಂಡ್ ಏನೂ ಕಾಣುವುದಿಲ್ಲ. ವಯಸ್ಸಾದಷ್ಟೂ ಕಣ್ಣಿನ ಮಸೂರದಲ್ಲಿ ಬೆಳಕು ಚದುರುವುದು ಹೆಚ್ಚು, ಚೇತರಿಸಿಕೊಳ್ಳುವುದು ನಿಧಾನ. ಪೊರೆ ಬರಲು ಶುರುವಾಗಿದ್ದರಂತೂ ಇನ್ನೂ ಕಷ್ಟ. ಸೆಕೆಂಡಿಗೆ ಏಳು ಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಕುರುಡಾಗುವುದೆಂದರೆ ಇಪ್ಪತ್ತು ಮೀಟರ್ ಕಣ್ಣುಮುಚ್ಚಿ ಓಡಿದಂತೆ. ಒಂದು ಪಕ್ಕ ನಾಲೆ, ಇನ್ನೊಂದು ಪಕ್ಕ ಇಳಿಜಾರು. 2018ರಲ್ಲಿ ಕನಗನಮರಡಿ ಬಳಿ ಬಸ್ಸೊಂದು ಹಗಲಲ್ಲೇ ವಿ.ಸಿ. ನಾಲೆಗೆ ಉರುಳಿದ್ದು ಈ ಸೀಮೆಯವರಾರಿಗೂ ಮರೆತಿಲ್ಲ. ನಿಮ್ಮ ದೀಪದಿಂದ ಕುರುಡಾದವನು ನಾಲೆಗೆ ಬೀಳಬಹುದು, ಇಲ್ಲವೇ ನಿಮ್ಮ ಮೇಲೆಯೇ ಬರಬಹುದು.

ಹಳದಿ-ಬಿಳಿಯ ವಿಚಾರ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬುದು ಹಳೆಯ ನಂಬಿಕೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಿಪ್ಪತ್ತು ಪಟ್ಟು ದೊಡ್ಡದು. ಅದಕ್ಕೆ ಬಣ್ಣದ ಭೇದವಿಲ್ಲ, ಎಲ್ಲವನ್ನೂ ಒಂದೇ ರೀತಿ ಚದುರಿಸುತ್ತದೆ. ಮಂಜಿನಲ್ಲಿ ಕೆಲಸಕ್ಕೆ ಬರುವುದು ದೀಪ ಎಷ್ಟು ತಗ್ಗಿನಲ್ಲಿದೆ ಎಂಬುದು ಮತ್ತು ಆ ಮೇಲಂಚು. ಕಣ್ಣಿನ ಮಟ್ಟಕ್ಕಿಂತ ಕೆಳಗಿನಿಂದ, ಮೇಲಕ್ಕೆ ಸೋರದೆ ಬರುವ ಬೆಳಕು ನಿಮ್ಮ ಕಣ್ಣೆದುರಿನ ಮಂಜನ್ನು ಬೆಳಗುವುದಿಲ್ಲ. ಹಣೆಗೆ ಕಟ್ಟಿಕೊಳ್ಳುವ ಟಾರ್ಚ್ ಮಂಜಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಎದುರಿಗೆ ಬಿಳಿ ಪಂಚೆ ಹಿಡಿದಂತಾಗುತ್ತದೆ. ಮಂಜಿಲ್ಲದಾಗಲೂ ಅದರಲ್ಲಿ ಗುಂಡಿಯ ಆಳ ತಿಳಿಯುವುದಿಲ್ಲ. ನೆರಳು ಬೀಳುವುದು ಗುಂಡಿಯ ಹಿಂದೆ, ನಿಮಗೆ ಕಾಣದ ಕಡೆಗೆ.

ಆದರೂ ನೀಲಿ ಛಾಯೆಯ 6,500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿಗಿಂತ 4,000ದ ಸುತ್ತಮುತ್ತಲಿನ ಬೆಚ್ಚನೆಯ ಬಿಳಿಯನ್ನೇ ನಾನು ಹೇಳುವುದು. ಐವತ್ತು ದಾಟಿದ ಕಣ್ಣಿಗೆ ಅದು ಹಿತ, ಕೆಮ್ಮಣ್ಣಿನ ದಾರಿಯಲ್ಲಿ ಏರುತಗ್ಗು ಚೆನ್ನಾಗಿ ತಿಳಿಯುತ್ತದೆ. ಇನ್ನೊಂದು ಲಾಭ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ನೀಲಿ ಹೆಚ್ಚಿದ್ದಷ್ಟೂ ದೀಪದ ಹುಳು ಹೆಚ್ಚು. ಮೊದಲ ಮಳೆ ಬಿದ್ದ ವಾರ ಗದ್ದೆ ಬಯಲಿನಲ್ಲಿ ಸೈಕಲ್ ಹೊಡೆದವರಿಗೆ ಬಾಯಿ ಮುಚ್ಚಿಕೊಂಡು ಬರಬೇಕಾದ ಕಷ್ಟ ಗೊತ್ತಿರುತ್ತದೆ.

ಮೈಲೇಜಿನ ಭಯವನ್ನು ಪೂರ್ತಿ ಬಿಟ್ಟುಬಿಡಿ. ನಿಮ್ಮ ಬ್ಯಾಟರಿಯಲ್ಲಿರುವುದು 36 ಗುಣಿಸು 10, ಅಂದರೆ 360 ವ್ಯಾಟ್-ಅವರ್. ಸ್ವಲ್ಪ ಪೆಡಲ್ ತುಳಿಯುತ್ತಾ ಹೋದರೆ ಮೋಟಾರಿಗೆ ಕಿಲೋಮೀಟರಿಗೆ ಹತ್ತು-ಹನ್ನೆರಡು ಹೋಗುತ್ತದೆ. 10 ವ್ಯಾಟಿನ ದೀಪ, ಕನ್ವರ್ಟರಿನ ನಷ್ಟ ಸೇರಿ 12 ವ್ಯಾಟ್ ಎಂದಿಟ್ಟುಕೊಂಡರೂ, ನಲವತ್ತು ನಿಮಿಷಕ್ಕೆ 8 ವ್ಯಾಟ್-ಅವರ್. ಒಂದು ಕಿಲೋಮೀಟರ್ ಓಟದಷ್ಟೂ ಆಗಲಿಲ್ಲ. ಚಕ್ರಕ್ಕೆ ಗಾಳಿ ಕಡಿಮೆ ಇದ್ದರೆ ಇದಕ್ಕಿಂತ ಹೆಚ್ಚು ನಷ್ಟವಾಗುತ್ತದೆ.

ಈಗ ಮಗನ ಉಪಾಯಕ್ಕೆ ಬರೋಣ. ಹತ್ತು ಸೆಲ್‌ಗಳ ಸಾಲಿನಲ್ಲಿ ಮೂರರ ತುದಿಯಿಂದ ತಂತಿ ಎಳೆದರೆ ಸುಮಾರು 11-12 ವೋಲ್ಟ್ ಸಿಗುವುದೇನೋ ನಿಜ. ದೀಪ ಚೆನ್ನಾಗಿಯೇ ಉರಿಯುತ್ತದೆ. ಆದರೆ ಹಗಲೆಲ್ಲ ಹತ್ತು ಎತ್ತುಗಳಿಗೂ ಒಂದೇ ಹೊರೆ ಹೊರಿಸಿ, ರಾತ್ರಿ ಅವುಗಳಲ್ಲಿ ಮೂರನ್ನು ಮಾತ್ರ ಆಲೆಮನೆಯ ಗಾಣಕ್ಕೆ ಕಟ್ಟಿದರೆ ಏನಾದೀತು? ದಿನಕ್ಕೆ ನಲವತ್ತು ನಿಮಿಷ, ಒಂದು ಆಂಪಿಯರ್ ಎಂದರೂ ಆ ಮೂರು ಸೆಲ್‌ಗಳಿಂದ 0.66 ಎಎಚ್ ಹೆಚ್ಚು ಹೋಗುತ್ತದೆ. ಚಾರ್ಜ್ ಹಾಕಿದಾಗ ಉಳಿದ ಏಳು ಮೊದಲು ತುಂಬಿಬಿಡುತ್ತವೆ, ಅವು ತುಂಬಿದವೆಂದು ಬಿಎಂಎಸ್ ಚಾರ್ಜ್ ನಿಲ್ಲಿಸುತ್ತದೆ, ಈ ಮೂರು ಅರೆಹೊಟ್ಟೆಯಲ್ಲೇ ಉಳಿಯುತ್ತವೆ. ಸಮ ಮಾಡುವ ವ್ಯವಸ್ಥೆ ಬಿಎಂಎಸ್‌ನಲ್ಲಿ ಇರುತ್ತದೆ, ಆದರೆ ಸಾಮಾನ್ಯ ಬೋರ್ಡುಗಳಲ್ಲಿ ಅದರ ಶಕ್ತಿ ಐವತ್ತು ಮಿಲಿ ಆಂಪಿಯರಿನಷ್ಟು. ಒಂದು ದಿನದ ಕೊರತೆ ತುಂಬಲು ಅದಕ್ಕೆ ಹದಿಮೂರು ಗಂಟೆ ಬೇಕು, ಅಷ್ಟರಲ್ಲಿ ಮುಂದಿನ ರಾತ್ರಿ ಬಂದಿರುತ್ತದೆ. ಒಂದೆರಡು ವಾರ ಕಳೆಯುವುದರೊಳಗೆ 30 ಕಿಲೋಮೀಟರ್ ಓಡುತ್ತಿದ್ದ ಬ್ಯಾಟರಿ ಹತ್ತಕ್ಕೇ ಕೈಕೊಡುತ್ತದೆ. 48 ವೋಲ್ಟಿಗೆ ನಾಲ್ಕು ಲೆಡ್ ಬ್ಯಾಟರಿ ಕಟ್ಟಿರುವ ಇ-ರಿಕ್ಷಾಗಳಲ್ಲಿ ಹಾರ್ನ್, ಲೈಟು, ಹಾಡು ಎಲ್ಲವನ್ನೂ ಒಂದೇ ಬ್ಯಾಟರಿಯಿಂದ ತೆಗೆದವರನ್ನು ನೋಡಿದ್ದೇನೆ. ಆ ಒಂದು ಬ್ಯಾಟರಿ ಮೊದಲು ಸಾಯುತ್ತದೆ, ಮಿಕ್ಕ ಮೂರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಲಿಥಿಯಂನಲ್ಲಿ ಇದರ ಮೇಲೆ ಬೆಂಕಿಯ ಅಪಾಯವೂ ಇದೆ. ಪ್ಯಾಕಿನೊಳಗೆ ಒಂದು ಸ್ಪ್ಯಾನರ್ ಜಾರಿದರೆ ತಡೆಯಲು ಯಾವ ಫ್ಯೂಸೂ ಇರುವುದಿಲ್ಲ. ವಾರಂಟಿ ಹೋಗುವುದು ಇವೆಲ್ಲದರ ಮುಂದೆ ಸಣ್ಣ ಸಂಗತಿ.

ಹಾಗಿದ್ದರೆ ಏನು ಹಾಕಿಸಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಇ-ಸೈಕಲ್ಲಿಗೆಂದೇ ಬರುವ, 12ರಿಂದ 60 ಅಥವಾ 80 ವೋಲ್ಟಿನವರೆಗೆ ನೇರವಾಗಿ ಕೊಡಬಹುದಾದ ದೀಪವನ್ನು ತರುತ್ತಿದ್ದೆ. ಕನ್ವರ್ಟರ್ ಅದರ ಹೊಟ್ಟೆಯಲ್ಲೇ ಇರುತ್ತದೆ. ತಂತಿ ಎರಡೇ, ಕೆಡುವ ಜಾಗ ಕಡಿಮೆ. ಬ್ಯಾಟರಿ 42ರಿಂದ 30ಕ್ಕೆ ಇಳಿದರೂ ಬೆಳಕು ಒಂದೇ ಸಮ ಇರುತ್ತದೆ. ಇದರ ಅಪಾಯ ಅಗ್ಗದ ಮಾಲಿನಲ್ಲಿದೆ. 80 ಎಂದು ಬರೆದಿರುವುದರ ಒಳಗೆ 60ರ ಚಿಪ್ ಇರಬಹುದು. ನಿಮ್ಮ 42ಕ್ಕೆ ಅದೂ ನಡೆದೀತು, 48ರ ಬ್ಯಾಟರಿಯವರು ಎಚ್ಚರಿಕೆಯಿಂದಿರಬೇಕು.

ಹಾರ್ನ್, ಇಂಡಿಕೇಟರ್, ಹಿಂದಿನ ಕೆಂಪು ದೀಪ ಎಲ್ಲವೂ 12 ವೋಲ್ಟಿನಲ್ಲೇ ಬೇಕೆಂದರೆ ಕನ್ವರ್ಟರ್ ದಾರಿಯೇ ಸರಿ. ಆದರೆ ನೀಲಿ ಬೋರ್ಡ್ ಬೇಡ. ಎಲೆಕ್ಟ್ರಿಕ್ ಸ್ಕೂಟರಿಗೆ ಬರುವ, ಅಲ್ಯೂಮಿನಿಯಂ ಡಬ್ಬಿಯಲ್ಲಿ ರಾಳ ಸುರಿದು ಮುಚ್ಚಿದ ಕನ್ವರ್ಟರ್ ತನ್ನಿ. 36ರ ಬ್ಯಾಟರಿಗೆ 60 ವೋಲ್ಟ್ ತಾಳುವುದು, 48ಕ್ಕೆ 80 ತಾಳುವುದು. ಇಷ್ಟು ಅಂತರ ಏಕೆಂದರೆ ಪ್ಲಗ್ ಚುಚ್ಚಿದ ಕ್ಷಣದ ನೆಗೆತ ಬ್ಯಾಟರಿಯ ಒತ್ತಡಕ್ಕಿಂತ ಸಾಕಷ್ಟು ಮೇಲಕ್ಕೆ ಹೋಗಬಹುದು. ಒಳಬರುವ ಮತ್ತು ಹೊರಹೋಗುವ ಭಾಗಗಳು ಪೂರ್ತಿ ಬೇರ್ಪಟ್ಟಿರುವ, ಅಂಗಡಿಯವರು ಐಸೊಲೇಟೆಡ್ ಎನ್ನುವ ನಮೂನೆ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಕೆಟ್ಟರೆ ಬಹುಮಟ್ಟಿಗೆ ದೀಪ ಆರುತ್ತದೆ, ಸುಡುವುದಿಲ್ಲ.

ತಂತಿಯ ತಾಪತ್ರಯವೇ ಬೇಡ ಎನ್ನುವವರಿಗೆ ಯುಎಸ್‌ಬಿಯಲ್ಲಿ ಚಾರ್ಜ್ ಆಗುವ ಬಿಡಿ ದೀಪಗಳಿವೆ. ಒಳ್ಳೆಯವೇ. ಒಂದೇ ತೊಂದರೆ, ಚಾರ್ಜ್ ಹಾಕಲು ಮರೆತ ದಿನವೇ ಕರೆಂಟ್ ಹೋಗಿರುತ್ತದೆ. ಅವುಗಳೊಳಗಿನ 18650 ಅಳತೆಯ ಸೆಲ್ಲಿನ ಮೇಲೆ 9,900 ಎಂಎಎಚ್ ಎಂದು ಬರೆದಿದ್ದರೆ ಅಂಗಡಿಯಿಂದ ಎದ್ದು ಬನ್ನಿ. ಆ ಅಳತೆಯ ಒಳ್ಳೆಯ ಸೆಲ್ ಕೂಡ 3,500ರ ಆಸುಪಾಸಿನದು. ನೀವು ಮುಖ್ಯ ದೀಪ ಯಾವುದನ್ನೇ ಹಾಕಿದರೂ ಇಂಥ ಸಣ್ಣದೊಂದನ್ನು ಹ್ಯಾಂಡಲ್ ಮೇಲೆ ಇಟ್ಟುಕೊಂಡಿರಲೇಬೇಕು. ಬ್ಯಾಟರಿ ಖಾಲಿಯಾಗಿ ಬಿಎಂಎಸ್ ಕಡಿದರೆ ಮೋಟಾರಿನ ಜೊತೆಗೆ ದೀಪವೂ ಆರುತ್ತದೆ, ಅದೂ ಏರಿಯ ನಡುವೆ. ಹಳೆಯ ಕಾಲದ 6 ವೋಲ್ಟ್, 3 ವ್ಯಾಟ್ ಡೈನಮೊ ಅಟ್ಟದ ಮೇಲೆ ಇದೆಯೇ? ಅದಕ್ಕೆ ಡೈನಮೊದ್ದೇ ಎಲ್‌ಇಡಿ ದೀಪ ಜೋಡಿಸಿದರೆ ಹಳೆಯ ಬಲ್ಬಿನ ಎಷ್ಟೋ ಪಟ್ಟು ಬೆಳಕು ಬರುತ್ತದೆ. ಬ್ಯಾಟರಿ ಸತ್ತರೂ ಚಕ್ರ ತಿರುಗುವವರೆಗೆ ಅದು ಸಾಯುವುದಿಲ್ಲ. ಆದರೆ ನಿಂತಾಗ ಕತ್ತಲು.

ಅಂಗಡಿಯಲ್ಲಿ ಕೊಳ್ಳುವ ಮೊದಲು ದೀಪವನ್ನು ಕೈಯಲ್ಲಿ ಹಿಡಿದು ಐದು ನಿಮಿಷ ಉರಿಸಿ. ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಕೊಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿಯೇ ಹೋಗುತ್ತದೆ. ಹಾಗಾಗಿ ಅಲ್ಯೂಮಿನಿಯಂ ಮೈ ಚೆನ್ನಾಗಿ ಬಿಸಿಯಾದರೆ ಸಂತೋಷಪಡಿ, ಒಳಗಿನ ಬಿಸಿ ಹೊರಗೆ ಬರುತ್ತಿದೆ. ಕಣ್ಣು ಕುಕ್ಕುವಷ್ಟು ಬೆಳಕಿದ್ದೂ ಮೈ ತಣ್ಣಗೇ ಇದ್ದರೆ, ಚಿಪ್ಪಿಗೂ ಮೈಗೂ ನಡುವೆ ಬಿಸಿ ಸಾಗಿಸುವ ಪೇಸ್ಟ್ ಹಚ್ಚಿಲ್ಲ ಎಂದರ್ಥ. ಅಂಥದು ಒಂದೆರಡು ತಿಂಗಳಲ್ಲಿ ಮಂಕಾಗುತ್ತದೆ.

ಜೋಡಣೆಯಲ್ಲಿ ಕಡ್ಡಾಯವಾದದ್ದು ಫ್ಯೂಸ್. ದೀಪದ ಹತ್ತಿರವಲ್ಲ, ಬ್ಯಾಟರಿಯ ಕೆಂಪು ತಂತಿ ಹೊರಡುವ ಜಾಗದಿಂದ ಗೇಣುದ್ದದೊಳಗೆ, ಒಂದು ಆಂಪಿಯರಿನದು. 42 ವೋಲ್ಟಿನಲ್ಲಿ 12 ವ್ಯಾಟಿಗೆ ಹೋಗುವುದು 0.3 ಆಂಪಿಯರ್, ಆದ್ದರಿಂದ ಒಂದು ಸಾಕು. ಐದರದ್ದು, ಹತ್ತರದ್ದು ಹಾಕಿದರೆ ಹಾಕದಂತೆಯೇ. ವೋಲ್ಟೇಜ್ ನೋಡಿ ಕೊಳ್ಳಿ, ಕಾರಿನ ಫ್ಯೂಸುಗಳಲ್ಲಿ ಹಲವು 32 ವೋಲ್ಟಿಗಷ್ಟೇ ಮಾಡಿದವು. ಬ್ಯಾಟರಿಯ ತಂತಿ ಕತ್ತರಿಸಬೇಡಿ. ಬ್ಯಾಟರಿಗೂ ಕಂಟ್ರೋಲರಿಗೂ ನಡುವೆ ವೈ ಆಕಾರದ ಕನೆಕ್ಟರ್ ಹಾಕಿ ಅಲ್ಲಿಂದ ತೆಗೆಯಿರಿ. ಕಂಟ್ರೋಲರಿನಿಂದಲೇ ದೀಪದ ತಂತಿ ಬಂದಿದ್ದರೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕೆಲವು ಕಿಟ್‌ಗಳಲ್ಲಿ ಅದು 6 ವೋಲ್ಟ್, ಕೆಲವದರಲ್ಲಿ 12, ಬಹಳಷ್ಟರಲ್ಲಿ ಪೂರ್ತಿ ಬ್ಯಾಟರಿಯ ಒತ್ತಡ. ತಂತಿಯ ಬಣ್ಣ ನಂಬಿ ಕೆಟ್ಟವರು ಬಹಳ ಜನ.

ಸ್ವಿಚ್ ಕನ್ವರ್ಟರಿಗಿಂತ ಮೊದಲೇ ಇರಲಿ. ದೀಪದ ಕಡೆ ಇಟ್ಟರೆ ದೀಪ ಆರಿದಾಗಲೂ ಕನ್ವರ್ಟರ್ ಹತ್ತು ಮಿಲಿ ಆಂಪಿಯರಿನಂತೆ ಹೀರುತ್ತಲೇ ಇರುತ್ತದೆ. ಒಂದು ತಿಂಗಳು ಸೈಕಲ್ ಮೂಲೆಯಲ್ಲಿ ನಿಂತರೆ 7 ಎಎಚ್ ಮಾಯ.

ಒಂದು ಸಣ್ಣ ಮಾತು, ಆದರೆ ನನ್ನ ಹತ್ತಿರ ಬರುವ 'ದೀಪ ಮಿಣುಕುತ್ತದೆ' ದೂರುಗಳಲ್ಲಿ ಅರ್ಧದಷ್ಟು ಇದರಿಂದಲೇ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ತಂತಿ ಎಲ್ಲಿಯೂ ಬಿಗಿಯಬಾರದು. ಫೋರ್ಕಿನ ಕತ್ತಿನ ಬಳಿ ಒಂದು ಸುತ್ತು ಸಡಿಲ ಬಿಡಿ. ದೀಪದೊಳಗೆ ಹೋಗುವ ಮೊದಲು ತಂತಿ ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರಲಿ, ಮಳೆ ನೀರು ಆ ಜೋಲಿನಿಂದ ಕೆಳಕ್ಕೆ ತೊಟ್ಟಿಕ್ಕುತ್ತದೆ, ದೀಪದೊಳಗೆ ಇಳಿಯುವುದಿಲ್ಲ.

ದೀಪ ಕೂರಿಸುವುದು ಹ್ಯಾಂಡಲಿಗಿಂತ ಕೆಳಗೆ, ಫೋರ್ಕಿನ ಮೇಲ್ತುದಿಯಲ್ಲಿ. ತಗ್ಗಿನಿಂದ ಬಂದ ಬೆಳಕಿಗೆ ಗುಂಡಿಯ ನೆರಳು ಉದ್ದವಾಗಿ ಬೀಳುತ್ತದೆ, ದೂರದಿಂದಲೇ ಕಪ್ಪಗೆ ಕಾಣುತ್ತದೆ. ಮುಂದೆ ಬುಟ್ಟಿಯಿದ್ದರೆ ಅದರ ನೆರಳು ಅಡ್ಡ ಬಾರದಂತೆ ನೋಡಿಕೊಳ್ಳಿ. ಆಮೇಲೆ ರಾತ್ರಿ ಮನೆಯ ಗೋಡೆಗೆ ಎದುರಾಗಿ ಐದು ಮೀಟರ್ ದೂರದಲ್ಲಿ ಸೈಕಲ್ ನಿಲ್ಲಿಸಿ. ದೀಪ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೀವು ಸೀಟಿನ ಮೇಲೆ ಕುಳಿತಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಹತ್ತರಿಂದ ಹದಿನೈದು ಸೆಂಟಿಮೀಟರ್ ಕೆಳಗಿರಬೇಕು. ಕ್ಯಾರಿಯರಿನಲ್ಲಿ ಮೂಟೆ ಹೇರುವ ದಿನ ಮುಂದಿನ ಭಾಗ ಮೇಲೇಳುತ್ತದೆ, ಆಗ ಇನ್ನೊಂದು ಚೂರು ತಗ್ಗಿಸಿ. ನೆಟ್ಟು ತೀರ ಬಿಗಿ ಮಾಡಬೇಡಿ, ಕೈಯಲ್ಲಿ ಒತ್ತಿದರೆ ಕದಲುವಷ್ಟಿರಲಿ.

ಹಿಂದಿನ ದೀಪದ ಬಗ್ಗೆ ನೀವು ಕೇಳಲೇ ಇಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ಒಂದು ಕೆಂಪು ಚುಕ್ಕೆಯೂ ಇಲ್ಲದ ಟ್ರೇಲರುಗಳು ರಸ್ತೆಯಲ್ಲಿ ನಿಂತಿರುವುದನ್ನು ಕಂಡು ನಾವೆಲ್ಲ ಶಪಿಸುತ್ತೇವೆ. ಹಿಂದಿನಿಂದ ಬರುವವನಿಗೆ ನಿಮ್ಮ ಸೈಕಲ್ಲೂ ಹಾಗೆಯೇ ಕಾಣುತ್ತದೆ. ಅರ್ಧ ವ್ಯಾಟಿನ ಕೆಂಪು ದೀಪ, ಮಡ್‌ಗಾರ್ಡ್ ಮೇಲೆ ಅಂಗೈಯುದ್ದ ಕೆಂಪು ಪ್ರತಿಫಲಕ ಪಟ್ಟಿ. ಮಿಣುಕುವ ನಮೂನೆ ಬೇಡ, ಸ್ಥಿರವಾಗಿ ಉರಿಯುವುದನ್ನು ನೋಡಿ ದೂರ ಅಂದಾಜು ಮಾಡುವುದು ಸುಲಭ.

ಕೊನೆಯದಾಗಿ ಸುಟ್ಟ ಲೈಟ್. ಬೋರ್ಡನ್ನು ಎಸೆಯಿರಿ. ಲೈಟನ್ನು ಮಾತ್ರ ಒಂದೂವರೆ ಅಥವಾ ಎರಡು ಆಂಪಿಯರಿನ ಫ್ಯೂಸ್ ಹಾಕಿ ಯಾವುದಾದರೂ ಬೈಕಿನ 12 ವೋಲ್ಟ್ ಬ್ಯಾಟರಿಗೆ ಹಿಡಿದು ನೋಡಿ. ಒಳಗಿನ ಡ್ರೈವರ್ ಹೋಗಿದ್ದರೆ ಉರಿಯುವುದಿಲ್ಲ, ರಿಪೇರಿಗೆ ಹಾಕುವ ದುಡ್ಡಿಗೆ ಹೊಸದೇ ಬರುತ್ತದೆ. ಉರಿದರೆ ಸೈಕಲ್ಲಿಗೆ ವಾಪಸು ಕಟ್ಟಬೇಡಿ, ಯುಪಿಎಸ್‌ನಿಂದ ತೆಗೆದ ಹಳೆಯ ಬ್ಯಾಟರಿಯ ಜೊತೆ ಕೊಟ್ಟಿಗೆಯ ಸೂರಿಗೆ ತೂಗುಹಾಕಿ, ಮುಖ ಗೋಡೆಯ ಕಡೆಗಿರಲಿ. ರಾತ್ರಿ ಹಸು ಕರು ಹಾಕುವ ಹೊತ್ತಿಗೆ ಕರೆಂಟ್ ಇಲ್ಲದಿದ್ದರೆ ಅಲ್ಲಿ ಆ ಬೆಳಕು ಬೇಕಾಗುತ್ತದೆ.